ಡಿ, ಇ, ಎಫ್ ಅಂತ ಡ್ರೈವ್ ಮಾಡಿದರೂ ಸರ್ವರ್ ಸ್ಲೋ ಯಾಕೆ?

ಪ್ರಶ್ನೆ (ಬ್ಯಾಡಗಿಯಿಂದ, ಲೆಕ್ಕದ ಅಕ್ಕ):
ನಮಸ್ಕಾರ ಸರ್. ನಾನು ಇಲ್ಲಿ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತೇನೆ. ಒಂದು ವಿಂಡೋಸ್ ಸರ್ವರ್, ಅದಕ್ಕೆ ಒಂಬತ್ತು ಕಂಪ್ಯೂಟರ್. ಒಳಗೆ 2 ಟಿಬಿಯ ನಾಲ್ಕು ಹಾರ್ಡ್‌ಡಿಸ್ಕ್, ರೇಡ್ 5 (ನಾಲ್ಕನ್ನೂ ಒಂದಾಗಿ ಜೋಡಿಸಿ, ಒಂದು ಕೆಟ್ಟರೂ ಡೇಟಾ ಉಳಿಯುವ ಜೋಡಣೆ). ಬಿಲ್ಲಿಂಗ್ ಎಸ್‌ಕ್ಯೂಎಲ್ ಸರ್ವರ್ ಅನ್ನೋ ಡೇಟಾಬೇಸ್ ಸಾಫ್ಟ್‌ವೇರ್ ಮೇಲೆ ನಡೆಯುತ್ತದೆ. ಬೇರೆ ದಿನ ಏನೂ ತೊಂದರೆ ಇಲ್ಲ. ಮಾರ್ಕೆಟ್ ದಿನ ಟೆಂಡರ್ ಮುಗಿದು ಎಲ್ಲರೂ ಒಟ್ಟಿಗೆ ಬಿಲ್ ಹೊಡೆಯೋಕೆ ಕೂತಾಗ ಮಾತ್ರ ಸೇವ್ ಒತ್ತಿದರೆ ಚಕ್ರ ತಿರುಗುತ್ತಾನೇ ಇರುತ್ತದೆ, ರೈತರು ಪಟ್ಟಿಗಾಗಿ ಎದುರಿಗೇ ನಿಂತಿರುತ್ತಾರೆ. ಹೋದ ತಿಂಗಳು ಒಬ್ಬರು ಬಂದು ಡಿ, ಇ, ಎಫ್ ಅಂತ ಮೂರು ಡ್ರೈವ್ ಮಾಡಿ ಡೇಟಾ, ಲಾಗ್ (ಪ್ರತಿ ಬದಲಾವಣೆಯ ದಾಖಲೆ), ಬ್ಯಾಕಪ್ ಬೇರೆ ಬೇರೆ ಇಟ್ಟು ಹೋದರು. ಕೂದಲಷ್ಟೂ ವ್ಯತ್ಯಾಸ ಆಗಿಲ್ಲ. ಮಾಲಕರು ಹೊಸ ಸರ್ವರ್ರೇ ತರೋಣ ಅಂತಿದ್ದಾರೆ. ತರಲೇಬೇಕಾ?

ಉತ್ತರ (ಹುಬ್ಬಳ್ಳಿ, ಸರ್ವರ್ ರಿಪೇರಿ):
ಅಕ್ಕಾರೇ, ಮಾಲಕರಿಗೆ ಎರಡು ವಾರ ತಡೆಯಿರಿ ಅನ್ನಿ. ಹೋದ ತಿಂಗಳು ಬಂದವರು ಮಾಡಿದ್ದು ಹೇಗಿದೆ ಅಂದರೆ, ಒಂದೇ ಹೊಲಕ್ಕೆ ಎರಡು ಬದು ಹಾಕಿ ಮೂರು ಹೊಲ ಆಯ್ತು ಅಂದ ಹಾಗೆ. ಉಳುವ ಎತ್ತು ಅದೇ ಜೋಡಿ. ಡಿ, ಇ, ಎಫ್ ಮೂರೂ ಅದೇ ನಾಲ್ಕು ಡಿಸ್ಕ್ ಮೇಲೆ ಕೂತಿವೆ ಅಲ್ವಾ?

ಇಂಥ ಹಾರ್ಡ್‌ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಜಾಗ ಹೆಡ್ (ಓದಿ ಬರೆಯುವ ಮುಳ್ಳು) ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು, ಅದಕ್ಕೂ ಮೊದಲು ಹೆಡ್ ಅಲ್ಲಿಗೆ ಸರಿಯೋಕೆ ಎಂಟೊಂಬತ್ತು ಮಿಲಿಸೆಕೆಂಡ್. ಹೀಗಾಗಿ ಅಲ್ಲೊಂದು ಇಲ್ಲೊಂದು ಬರೆಯುವ ಕೆಲಸ ಒಂದು ಡಿಸ್ಕಿಗೆ ಸೆಕೆಂಡಿಗೆ ಎಂಬತ್ತರ ಆಸುಪಾಸು. ನಾಲ್ಕು ಡಿಸ್ಕ್ ಅಂದರೆ 320 ಅಂತ ಖುಷಿಪಡಬೇಡಿ, ರೇಡ್ 5ರಲ್ಲಿ ಒಂದು ಸಣ್ಣ ಬರಹಕ್ಕೆ ನಾಲ್ಕು ಕೆಲಸ: ಹಳೇ ಡೇಟಾ ಓದು, ಹಳೇ ಪ್ಯಾರಿಟಿ (ಒಂದು ಡಿಸ್ಕ್ ಕೆಟ್ಟರೆ ಡೇಟಾ ಮರಳಿ ಪಡೆಯೋಕೆ ಇಟ್ಟ ಲೆಕ್ಕ) ಓದು, ಹೊಸದು ಎರಡನ್ನೂ ಬರಿ. ತಿರುಗಿ 80ಕ್ಕೇ ಬಂದಿರಿ. ಅದರ ಮೇಲೆ ಲಾಗ್ ಫೈಲ್ ಒಂದೇ ಸಾಲಿನಲ್ಲಿ ಬರೆದುಕೊಂಡು ಹೋಗಬೇಕಾದ್ದು, ಪಾಪ, ಅದರ ಹೆಡ್ಡನ್ನು ಡೇಟಾ ಒಂದು ಕಡೆ ಬ್ಯಾಕಪ್ ಇನ್ನೊಂದು ಕಡೆ ಎಳೆಯುತ್ತಿರುತ್ತವೆ.

ಆದರೆ ಇದು ನನ್ನ ಊಹೆ. ಮುಂದಿನ ಮಾರ್ಕೆಟ್ ದಿನ ಚಕ್ರ ತಿರುಗುವಾಗಲೇ ಪರ್ಫಾರ್ಮೆನ್ಸ್ ಮಾನಿಟರ್ ತೆಗೆದು, ಡಿಸ್ಕ್ ಒಂದು ಬರಹಕ್ಕೆ ಎಷ್ಟು ಸೆಕೆಂಡ್ ತಗೊಳ್ಳುತ್ತಿದೆ ಅನ್ನೋ ಕೌಂಟರ್ ನೋಡಿ. 0.005 ಅಂತಿದ್ದರೆ ಡಿಸ್ಕ್ ಮೇಲೆ ಸುಮ್ನೆ ಅಪವಾದ ಹೊರಿಸುತ್ತಿದ್ದೇವೆ, ತಪ್ಪು ಸಾಫ್ಟ್‌ವೇರಿನಲ್ಲೋ ನೆಟ್‌ವರ್ಕಿನಲ್ಲೋ ಇದೆ. 0.020 ದಾಟಿ ನಿಂತೇ ಇದ್ದರೆ ಡಿಸ್ಕೇ. ಡಿಸ್ಕುಗಳನ್ನು ಜೋಡಿಸಿ ನಡೆಸುವ ರೇಡ್ ಕಾರ್ಡಿನ ಸಾಫ್ಟ್‌ವೇರಿನಲ್ಲಿ ಬ್ಯಾಟರಿ ಹೇಗಿದೆ ಅಂತಾನೂ ನೋಡಿ.

ಪ್ರಶ್ನೆ ಕೇಳಿದವರು:
ನೋಡಿದೆ ಸರ್. 0.090ರಿಂದ 0.120 ತನಕ ಹೋಯಿತು. ಸಂಜೆ 4ಕ್ಕೆ ಬ್ಯಾಕಪ್ ಶುರುವಾಗುವ ಹಾಗೆ ಇಟ್ಟಿದ್ದಾರೆ, ನಮ್ಮ ಬಿಲ್ಲಿಂಗೂ ಅದೇ ಹೊತ್ತಿಗೆ. ಬ್ಯಾಟರಿ ಮುಂದೆ ಫೇಲ್ಡ್ ಅಂತ ಕೆಂಪಗೆ ಇದೆ, ಕೆಳಗೆ ರೈಟ್ ಥ್ರೂ ಅಂತ ಬರೆದಿದೆ.

ಉತ್ತರ:
ಸಿಕ್ಕಿತು ನೋಡಿ. ಆ ಕಾರ್ಡಿಗೆ ತನ್ನದೇ ಮೆಮೊರಿ ಇರುತ್ತದೆ. ಬರಹ ಮೊದಲು ಅಲ್ಲಿ ಇಳಿದ ಕೂಡಲೇ ಆಯ್ತು ಅಂತ ಹೇಳಿ, ಆಮೇಲೆ ನಿಧಾನಕ್ಕೆ ಡಿಸ್ಕಿಗೆ ಹಾಕುತ್ತದೆ, ಇದು ರೈಟ್ ಬ್ಯಾಕ್. ನಡುವೆ ಕರೆಂಟ್ ಹೋದರೆ ಆ ಮೆಮೊರಿಯನ್ನು ಕಾಯೋದು ಬ್ಯಾಟರಿ. ಬ್ಯಾಟರಿ ಸತ್ತರೆ ಕಾರ್ಡು ಧೈರ್ಯ ಮಾಡೋದಿಲ್ಲ, ಪ್ರತಿ ಬರಹವೂ ಡಿಸ್ಕ್ ಮುಟ್ಟೋ ತನಕ ಕಾಯುತ್ತದೆ, ಅದೇ ರೈಟ್ ಥ್ರೂ. ಗದಗಿನಲ್ಲಿ ಒಂದು ಪ್ರೆಸ್ಸಿನ ಸರ್ವರ್ ಬಿಚ್ಚಿದಾಗ ಈ ಬ್ಯಾಟರಿ ಪೂರಿ ಹಾಗೆ ಉಬ್ಬಿ ಮುಚ್ಚಳಕ್ಕೆ ಒತ್ತಿಕೊಂಡಿತ್ತು. ಅದೊಂದನ್ನೇ ಬದಲಿಸಿದೆ, ಸೇವ್ ಮೊದಲಿನಂತಾಯಿತು. ಬ್ಯಾಟರಿ ಇಲ್ಲದೆಯೇ ಜಬರ್ದಸ್ತಿ ರೈಟ್ ಬ್ಯಾಕ್ ಮಾಡಿಕೊಡುತ್ತೇನೆ ಅಂತ ಯಾರಾದರೂ ಬಂದರೆ ಬೇಡ ಅನ್ನಿ. ಕರೆಂಟ್ ಹೋದ ದಿನ ಡೇಟಾಬೇಸೇ ಕೆಟ್ಟು ಕೂರುತ್ತದೆ.

ಈಗ ಜೋಡಣೆ. ಬ್ಯಾಟರಿ ಬದಲಿಸಿ, ಬ್ಯಾಕಪ್ಪನ್ನು ರಾತ್ರಿ 11ಕ್ಕೆ ತಳ್ಳಿ. ಇಷ್ಟಕ್ಕೇ ಮುಕ್ಕಾಲು ರೋಗ ಹೋಗುತ್ತದೆ. ಮಾಲಕರು ಹೇಗೂ ದುಡ್ಡು ಬಿಚ್ಚೋಕೆ ತಯಾರಿದ್ದಾರಲ್ಲ, 480 ಜಿಬಿಯ ಎರಡು ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಮೆಮೊರಿ ಚಿಪ್‌ನ ಡಿಸ್ಕ್) ತರಿಸಿ. ಸರ್ವರಿಗೆ ಅಂತಲೇ ಬರುವವು, ಕರೆಂಟ್ ಹೋದರೂ ಬರಹ ಮುಗಿಸುವಂಥವು. ಎರಡನ್ನೂ ರೇಡ್ 1ರಲ್ಲಿ (ಎರಡರಲ್ಲೂ ಅದೇ ಪ್ರತಿ) ಜೋಡಿಸಿ ಡೇಟಾ, ಲಾಗ್, ಟೆಂಪ್‌ಡಿಬಿ (ಎಸ್‌ಕ್ಯೂಎಲ್ ಸರ್ವರಿನ ತಾತ್ಕಾಲಿಕ ಡೇಟಾಬೇಸ್) ಮೂರನ್ನೂ ಅಲ್ಲಿಗೆ ಒಯ್ಯಿರಿ. ಅಲ್ಲಿ ಸರಿದಾಡುವ ಹೆಡ್ಡೇ ಇಲ್ಲ, ಒಂಬತ್ತು ಕಂಪ್ಯೂಟರಿಗೆ ಲಾಗ್ ಬೇರೆ ಇಡೋ ಗರಜು ಇಲ್ಲ. ಹಳೇ ನಾಲ್ಕು ಡಿಸ್ಕ್ ಸ್ಕ್ಯಾನ್ ಮಾಡಿದ ಕಾಗದ, ಹಿಂದಿನ ವರ್ಷದ ಲೆಕ್ಕಕ್ಕೆ ಇರಲಿ. ಬ್ಯಾಕಪ್ ಮಾತ್ರ ಈ ಪೆಟ್ಟಿಗೆಯಲ್ಲೇ ಬೇಡ. ಎಫ್ ಡ್ರೈವಿನಲ್ಲಿ ಇಟ್ಟಿದ್ದು ಬ್ಯಾಕಪ್ಪೇ ಅಲ್ಲ, ಬೀಗದ ಕೈಯನ್ನು ಪೆಟ್ಟಿಗೆ ಒಳಗೇ ಇಟ್ಟು ಬೀಗ ಹಾಕಿದ ಹಾಗೆ.

ಇನ್ನೊಬ್ಬರು (ಹಾವೇರಿಯಿಂದ):
ಅಣ್ಣಾ, ನಡುವೆ ಬಂದೆ. ನಮ್ಮಲ್ಲೂ ನಾಲ್ಕು ಡಿಸ್ಕ್ ರೇಡ್ 5. ಎಸ್‌ಎಸ್‌ಡಿಗೆ ದುಡ್ಡಿಲ್ಲ. ಇರೋದನ್ನೇ ರೇಡ್ 10 ಮಾಡಬಹುದಾ? ಪ್ರತಿ ಭಾನುವಾರ ಡಿಫ್ರಾಗ್ (ಚದುರಿದ ಫೈಲ್ ತುಣುಕುಗಳನ್ನು ಒಂದೆಡೆ ಸೇರಿಸೋದು) ಮಾಡ್ತೀನಿ, ಅದು ಸಾಲದಾ?

ಉತ್ತರ:
ಮಾಡಬಹುದು. ರೇಡ್ 10 ಅಂದರೆ ಎರಡೆರಡು ಡಿಸ್ಕಿನಲ್ಲಿ ಅದೇ ಪ್ರತಿ, ಹಾಗಾಗಿ ಸಣ್ಣ ಬರಹಕ್ಕೆ ನಾಲ್ಕರ ಬದಲು ಎರಡೇ ಕೆಲಸ. ಜಾಗ ಮಾತ್ರ ಮೂರು ಡಿಸ್ಕಿನಷ್ಟು ಇದ್ದದ್ದು ಎರಡಕ್ಕೆ ಇಳಿಯುತ್ತದೆ. ಎಷ್ಟೋ ಕಾರ್ಡುಗಳಲ್ಲಿ ಹಳೇದನ್ನು ಅಳಿಸಿಯೇ ಕಟ್ಟಬೇಕು. ಮೊದಲು ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿಗೆ ಹಾಕಿ, ಡೇಟಾಬೇಸ್ ತೆರೆದು, ನಿನ್ನೆಯ ಕೊನೇ ಬಿಲ್ ಕಾಣುತ್ತಾ ನೋಡಿ, ಆಮೇಲೆ ಕೈ ಹಾಕಿ. ಡಿಫ್ರಾಗ್‌ನಿಂದ ರೇಡ್ 5ರ ಈ ಬರೆಯುವ ಖರ್ಚು ಕಡಿಮೆ ಆಗೋದಿಲ್ಲ. ಎಸ್‌ಎಸ್‌ಡಿಗಂತೂ ಅದು ಬೇಡವೇ ಬೇಡ, ಸುಮ್ನೆ ಸವೆಯುತ್ತದೆ.

ಪ್ರಶ್ನೆ ಕೇಳಿದವರು:
ಬ್ಯಾಟರಿಗೆ ಹೇಳಿದ್ದೇವೆ ಸರ್. ಹೇಗೂ ಬಿಚ್ಚುತ್ತಾರಲ್ಲ, ಡಿಸ್ಕ್ ತೆಗೆದು ಧೂಳು ಒರೆಸಿಸಲಾ? ಇಲ್ಲಿ ಮೆಣಸಿನಕಾಯಿ ಧೂಳು ಫ್ಯಾನಿಗೆಲ್ಲ ಕೆಂಪಗೆ ಅಂಟಿದೆ.

ಉತ್ತರ:
ಒರೆಸಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳೋಕೆ ಹೇಳಿ. ಸರ್ವರ್ ಪೂರ್ತಿ ಆಫ್ ಮಾಡಿ, ವೈರ್ ಕಿತ್ತ ಮೇಲೇ ಡಿಸ್ಕ್ ಮುಟ್ಟಬೇಕು. ಚಾಲೂ ಇರುವಾಗ ಒಂದು ಎಳೆದರೆ ರೇಡ್ 5 ತಡೆದುಕೊಳ್ಳುತ್ತದೆ, ಎರಡನೆಯದು ಎಳೆದರೆ ಎಲ್ಲಾ ಹೋಯಿತು. ತೆಗೆಯೋ ಮೊದಲು ಒಂದೊಂದರ ಮೇಲೂ ಮಾರ್ಕರಿನಲ್ಲಿ 0, 1, 2, 3 ಅಂತ ಬರೆಸಿ, ಅದೇ ಜಾಗಕ್ಕೆ ವಾಪಸ್ ಹಾಕಿಸಿ.