ಪದಚರ್ಚೆ: ‘ಚಿಪ್ಪೆಂಡೇಲ್ ಕುರ್ಚಿ’ಯೋ ‘ಚಿಪ್ಪೆಂಡೇಲನ ಕುರ್ಚಿ’ಯೋ?

ಎಲ್ಲರಿಗೂ ನಮಸ್ಕಾರ.

ಹಳೇ ಇಂಗ್ಲಿಷ್ ಕುರ್ಚಿಗಳ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎಲ್ಲವೂ ಮಹಾಗನಿ ಮರದ ಕೆತ್ತನೆ ಕುರ್ಚಿಗಳು. (ಆ ಹೆಸರಲ್ಲಿ ನಮ್ಮ ‘ಮಹಾ’ ಏನೂ ಇಲ್ಲ. ಆದರೂ ಸಸಿ ಮಾರುವ ನರ್ಸರಿಯವರು ಹಾಗೇ ಬರೆಯುತ್ತಾರೆ, ನಾನೂ ಉಳಿಸಿಕೊಂಡೆ.) ಮೂಲದಲ್ಲಿ ‘ಚಿಪ್ಪೆಂಡೇಲ್ ಚೇರ್’ ಅಂತ ಇದ್ದಲ್ಲೆಲ್ಲ ಸುಮ್ನೆ ‘ಚಿಪ್ಪೆಂಡೇಲನ ಕುರ್ಚಿ’ ಅಂತ ಬರೆದುಕೊಂಡು ಹೋದೆ. ಹತ್ತು ಪುಟ ಆದಮೇಲೆ ಹೊಳೆಯಿತು: ಒಂದು ‘ನ’ ಸೇರಿಸಿ ಎಲ್ಲ ಕುರ್ಚಿಗಳನ್ನೂ ಚಿಪ್ಪೆಂಡೇಲ್ ಎಂಬ ಆ ಬಡಗಿಯ ಕೈಯಲ್ಲೇ ಮಾಡಿಸಿಬಿಟ್ಟಿದ್ದೆ!

ಥಾಮಸ್ ಚಿಪ್ಪೆಂಡೇಲ್ ಯಾರ್ಕ್‌ಶೈರಿನ ಓಟ್ಲಿಯವನು. ಹುಟ್ಟಿದ್ದು 1718ರಲ್ಲಿ. ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಲೇನ್‌ನಲ್ಲಿ ಅಂಗಡಿ ಇಟ್ಟಿದ್ದ. 1754ರಲ್ಲಿ ತನ್ನ ಮಾದರಿಗಳ ಚಿತ್ರಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ. ಗೊಂದಲ ಶುರುವಾಗುವುದು ಅಲ್ಲೇ. ಪುಸ್ತಕ ನೋಡಿ ಬೇರೆ ಬಡಗಿಗಳೂ ಅಂಥದೇ ಕುರ್ಚಿ ಮಾಡಿದರು. ಇವನೋ ತನ್ನ ಮಾಲಿನ ಮೇಲೆ ಮುದ್ರೆ ಒತ್ತುತ್ತಿರಲಿಲ್ಲ. ಹ್ಯಾರ್‌ವುಡ್ ಹೌಸ್‌ನಂಥ ದೊಡ್ಡ ಮನೆಗಳಲ್ಲಿ ಹಳೇ ಬಿಲ್ಲು ಸಿಕ್ಕಿದ್ದರಿಂದ ‘ಇವು ಅವನವೇ’ ಅನ್ನುತ್ತಾರೆ. ಅಲ್ಲೂ ಅವನವು ಅಂದರೆ ಅವನ ಅಂಗಡಿಯವು. 1755ರಲ್ಲಿ ಆ ಅಂಗಡಿಗೆ ಬೆಂಕಿ ಬಿದ್ದಾಗ 22 ಕೆಲಸಗಾರರ ಹತಾರದ ಪೆಟ್ಟಿಗೆಗಳು ಸುಟ್ಟುಹೋದವಂತೆ. ಉಳಿ ಹಿಡಿದ ಕೈ ಎಷ್ಟಿದ್ದವು ನೋಡಿ.

‘ನ’ ಬಿಟ್ಟರೆ ಸರಿಹೋಗುತ್ತದೆ ಅನ್ನಿಸುತ್ತದೆ. ಮೈಸೂರು ಪಾಕ್ ಯಾವ ಊರಲ್ಲಿ ಮಾಡಿದರೂ ಮೈಸೂರು ಪಾಕೇ ಅಲ್ವಾ? ಅಲ್ಲಿಂದಲೇ ತಂದದ್ದಾದರೆ ‘ಮೈಸೂರಿಂದ ತಂದ ಮೈಸೂರು ಪಾಕ್’ ಅಂತ ಬಿಡಿಸಿ ಹೇಳುತ್ತೇವೆ. ಹಾಗೇ, ಬಿಲ್ಲು ಇರುವುದಕ್ಕೆ ‘ಚಿಪ್ಪೆಂಡೇಲನ ಅಂಗಡಿಯ ಕುರ್ಚಿ’, ಉಳಿದದ್ದಕ್ಕೆಲ್ಲ ‘ಚಿಪ್ಪೆಂಡೇಲ್ ಕುರ್ಚಿ’. ‘ಶೈಲಿಯ’ ಅಂತ ಸೇರಿಸಿದರೆ ನೂರು ವರ್ಷ ಆದಮೇಲೆ ಮಾಡಿದ ನಕಲು ಅನ್ನೋ ವಾಸನೆ ಬರುತ್ತದೆ. ನನಗೆ ಮಾತ್ರ ಹಾಗನ್ನಿಸುತ್ತಿದೆಯೋ ಏನೋ, ಹೇಳಿ.

ಇನ್ನೊಂದು ಪದ ಜಾಸ್ತಿ ಕಾಡುತ್ತಿದೆ. ಒರಗುವ ಬೆನ್ನಿನ ನಟ್ಟನಡುವೆ, ಮೇಲಿನ ಅಡ್ಡಪಟ್ಟಿಯಿಂದ ಕೂರುವ ಜಾಗದವರೆಗೆ ಇಳಿಯುವ ಹಲಗೆ. ಕೆತ್ತನೆಯ ಸೊಗಸೆಲ್ಲ ಅದರಲ್ಲೇ. ಕೆಲವದರಲ್ಲಿ ರಿಬ್ಬನ್ನು ಗಂಟು ಹಾಕಿ ಇಳಿಬಿಟ್ಟ ಹಾಗೆ ಕೊರೆದಿರುತ್ತಾರೆ, ಬಟ್ಟೆಯ ಮಡಿಕೆ ಕೂಡ ಕಾಣುತ್ತದೆ. ಇಂಗ್ಲಿಷಿನಲ್ಲಿ ‘ಸ್ಪ್ಲಾಟ್’. ಸದ್ಯಕ್ಕೆ ‘ನಡುಹಲಗೆ’ ಅಂತ ಹಾಕಿದ್ದೇನೆ. ಪರಿಚಯದ ಬಡಗಿಯೊಬ್ಬರನ್ನು ಕೇಳಿದರೆ ‘ಬ್ಯಾಕ್ ಪಟ್ಟಿ ಸಾರ್’ ಅಂದರು! ಮರಗೆಲಸದ ಮನೆಯವರು ಯಾರಾದರೂ ಇಲ್ಲಿದ್ದರೆ, ನಿಮ್ಮ ಕಡೆ ಇದಕ್ಕೆ ಏನಂತೀರಿ?