ಕಿಣ್ವಕ್ಕೂ ಉಷ್ಣಾಘಾತ ಪ್ರೋಟೀನಿಗೂ ನಡುವೆ ‘ಪರಸ್ಪರ ಕ್ರಿಯೆ’ ಅನ್ನಬಹುದೇ?

ಬಲ್ಲವರಲ್ಲಿ ಒಂದು ಪ್ರಶ್ನೆ. ಗಿಡಗಳು ಬಿಸಿಯನ್ನು ತಾಳಿಕೊಳ್ಳುವ ಬಗೆ ಕುರಿತು ಲೇಖನ ಬರೆಯುತ್ತಿದ್ದೇನೆ. ಕಿಣ್ವಗಳಿಗೂ, ಬಿಸಿಯೇರಿದಾಗ ಜೀವಕೋಶದಲ್ಲಿ ಹೆಚ್ಚಾಗುವ ಉಷ್ಣಾಘಾತ ಪ್ರೋಟೀನ್‌ಗಳಿಗೂ (ಹೀಟ್ ಶಾಕ್ ಪ್ರೋಟೀನ್, ಎಚ್‌ಎಸ್‌ಪಿ) ನಡುವಿನ ‘ಇಂಟರಾಕ್ಷನ್’ ಎಂಬಲ್ಲೆಲ್ಲ ‘ಪರಸ್ಪರ ಕ್ರಿಯೆ’ ಎಂದು ಬರೆದರೆ ಅರ್ಥವೇ ದಾರಿ ತಪ್ಪುವಂತಿದೆ.

ಕಿಣ್ವದ ಪಕ್ಕದಲ್ಲಿ ‘ಕ್ರಿಯೆ’ ಕಂಡರೆ ಓದುವವರ ಮನಸ್ಸಿಗೆ ಬರುವುದು ರಾಸಾಯನಿಕ ಕ್ರಿಯೆ. ಇಲ್ಲಿ ನಡೆಯುವುದೇ ಬೇರೆ. ಬಿಸಿ ಏರಿದಾಗ ಚಯಾಪಚಯದ ಕಿಣ್ವಗಳ ಮಡಿಕೆ (ಅವು ಮಡಿಸಿಕೊಂಡಿರುವ ಆಕಾರ) ಸಡಿಲವಾಗಿ, ಒಳಗೆ ಅಡಗಿದ್ದ ನೀರೊಲ್ಲದ ಭಾಗಗಳು ಹೊರಗೆ ಬರುತ್ತವೆ. ಅವು ಒಂದಕ್ಕೊಂದು ಅಂಟಿ ಗಂಟುಗಟ್ಟುವ ಮೊದಲೇ ಕಿರು ಉಷ್ಣಾಘಾತ ಪ್ರೋಟೀನ್‌ಗಳು ಹೋಗಿ ಹಿಡಿದುಕೊಳ್ಳುತ್ತವೆ. ಆಮೇಲೆ ಎಚ್‌ಎಸ್‌ಪಿ70 ಜೀವಕೋಶದ ಇಂಧನವಾದ ಎಟಿಪಿಯನ್ನು ಖರ್ಚುಮಾಡಿ, ಕಿಣ್ವ ಮೊದಲಿನ ಆಕಾರಕ್ಕೆ ಮರಳಲು ನೆರವಾಗುತ್ತದೆ. ಆಗಲೇ ಗಂಟಾಗಿದ್ದರೆ ಬಿಡಿಸಲು ಎಚ್‌ಎಸ್‌ಪಿ101 ಕೂಡ ಬೇಕು. (ಈ ಅಂಕಿಗಳು ಪ್ರೋಟೀನಿನ ತೂಕ ಸುಮಾರು ಎಷ್ಟು ಕಿಲೋಡಾಲ್ಟನ್ ಎಂಬುದನ್ನು ಹೇಳುತ್ತವೆ, ಕ್ರಮಸಂಖ್ಯೆಯಲ್ಲ.) ಹಿಡಿಯುವುದು, ಬಿಡುವುದು ಇಷ್ಟೇ, ಕಿಣ್ವ ಮತ್ತೊಂದು ವಸ್ತುವಾಗಿ ಮಾರ್ಪಡುವುದಿಲ್ಲ.

‘ರಕ್ಷಣೆ’ ಎಂದುಬಿಡೋಣವೆಂದರೆ ಅದೂ ಪೂರ್ತಿ ನಿಜವಲ್ಲ. ಕ್ಲೋರೋಪ್ಲಾಸ್ಟಿನಲ್ಲಿ ಕ್ಯಾರೊಟಿನಾಯ್ಡ್ (ಹಳದಿ-ಕಿತ್ತಳೆ ವರ್ಣಕ) ತಯಾರಿಕೆಯ ಹಾದಿಯ ಆರಂಭದಲ್ಲಿ ಡಿಎಕ್ಸ್‌ಎಸ್ ಎಂಬ ಕಿಣ್ವವಿದೆ. ಅದು ಕೆಟ್ಟಾಗ ಜೆ20 ಎಂಬ ಪ್ರೋಟೀನ್ ಅದನ್ನು ಎಚ್‌ಎಸ್‌ಪಿ70ರ ಬಳಿಗೆ ಒಯ್ಯುತ್ತದೆ. ಅಲ್ಲಿಂದ ಮುಂದೆ ಎರಡು ದಾರಿ: ಒಂದೋ ಕಿಣ್ವ ರಿಪೇರಿಯಾಗಿ ಕೆಲಸಕ್ಕೆ ಮರಳುತ್ತದೆ, ಇಲ್ಲವೇ ಕ್ಲಿಪ್ ಪ್ರೋಟಿಯೇಸ್ ಅದನ್ನು ಕತ್ತರಿಸಿ ಹಾಕುತ್ತದೆ. ಕೊಲ್ಲುವವರ ಕೈಗೂ ಒಪ್ಪಿಸುವುದನ್ನು ರಕ್ಷಣೆ ಎನ್ನುವುದು ಹೇಗೆ? ಬಿಸಿಯೇ ಇಲ್ಲದಾಗಲೂ ಈ ಸಂಬಂಧ ಇರುತ್ತದೆ ಎಂಬುದು ಇನ್ನೊಂದು ತೊಡಕು. ದ್ಯುತಿಸಂಶ್ಲೇಷಣೆಯಲ್ಲಿ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ಕಿಣ್ವ ರುಬಿಸ್ಕೊದ ದೊಡ್ಡ ಉಪಘಟಕಗಳು ಸರಿಯಾಗಿ ಮಡಿಸಿಕೊಳ್ಳಲು ಎಂದಿನ ದಿನಗಳಲ್ಲೂ ಉಷ್ಣಾಘಾತ ಪ್ರೋಟೀನ್‌ಗಳ ಬಳಗದ ಶಾಪರೋನಿನ್60 ಬೇಕೇ ಬೇಕು. ಹಾಗಿದ್ದೂ ‘ಆಘಾತ’ ಎಂಬ ಹೆಸರು ಬಂದದ್ದು ಹಣ್ಣುನೊಣದಿಂದ: 1962ರಲ್ಲಿ ಇಟಲಿಯ ವಿಜ್ಞಾನಿ ರಿಟೋಸ್ಸಾ, ಬಿಸಿ ತಗುಲಿದ ನೊಣದ ವರ್ಣತಂತುಗಳಲ್ಲಿ ಹೊಸ ಉಬ್ಬುಗಳನ್ನು ಕಂಡು ವರದಿ ಮಾಡಿದರು. ಹೆಸರು ಹಾಗೇ ಉಳಿದುಕೊಂಡಿತು.

ಹೀಗಾಗಿ ನನ್ನ ಒಲವು ‘ಒಡನಾಟ’ದ ಕಡೆಗೆ. ಒಳ್ಳೆಯದೋ ಕೆಟ್ಟದ್ದೋ ಎಂದು ಅದು ಮೊದಲೇ ತೀರ್ಪು ಕೊಡುವುದಿಲ್ಲ. ಶಾಪರೋನ್‌ಗೆ (ಬೇರೆ ಪ್ರೋಟೀನ್ ಸರಿಯಾಗಿ ಮಡಿಸಿಕೊಳ್ಳಲು ನೆರವಾಗುವ ಪ್ರೋಟೀನಿಗೆ) ‘ಒಡನಾಡಿ’ ಎಂದರೆ ಜೋಡಿಯೂ ಕೂಡುತ್ತದೆ. ನೇರವಾಗಿ ಅಂಟಿಕೊಂಡದ್ದು ಪ್ರಯೋಗದಲ್ಲಿ ಖಚಿತವಾಗಿರುವ ಕಡೆ ಮಾತ್ರ ‘ಬಂಧ’ ಎಂದು ಬಳಸುವ ಯೋಚನೆಯಿದೆ.

‘ಫೋಲ್ಡಿಂಗ್’ ಬಗ್ಗೆ ಒಂದು ಮಾತು. ‘ಪ್ರೋಟೀನ್ ಮಡಿಯುತ್ತದೆ’ ಎಂದು ದಯವಿಟ್ಟು ಯಾರೂ ಬರೆಯಬೇಡಿ, ಸತ್ತೇಹೋಯಿತು ಎಂದು ಓದುತ್ತಾರೆ! ‘ಮಡಿಸಿಕೊಳ್ಳುತ್ತದೆ’ ಕ್ಷೇಮ.

ನಿಜಕ್ಕೂ ನನಗೆ ಬಗೆಹರಿಯದಿರುವುದು ‘ಸಬ್‌ಸ್ಟ್ರೇಟ್’, ಅಂದರೆ ಕಿಣ್ವ ಯಾವುದರ ಮೇಲೆ ಕೆಲಸ ಮಾಡುತ್ತದೋ ಆ ವಸ್ತು. ಮಾಲೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವಕ್ಕೆ ಮಾಲೇಟ್ ಸಬ್‌ಸ್ಟ್ರೇಟ್. ಅದೇ ಕಿಣ್ವವನ್ನು ಪ್ರಯೋಗನಳಿಕೆಯಲ್ಲಿ ಬಿಸಿಮಾಡಿ ಕಿರು ಉಷ್ಣಾಘಾತ ಪ್ರೋಟೀನಿನ ಜೊತೆ ಇಟ್ಟರೆ, ಈಗ ಕಿಣ್ವವೇ ಸಬ್‌ಸ್ಟ್ರೇಟ್. ಒಂದೇ ವಾಕ್ಯದಲ್ಲಿ ಎರಡೂ ಬಂದರೆ ಓದುಗರ ಗತಿ ಏನು? ಎರಡನೆಯದಕ್ಕೆ ಇಂಗ್ಲಿಷಿನಲ್ಲಿ ‘ಕ್ಲೈಂಟ್’ ಎಂದೂ ಹೇಳುತ್ತಾರೆ. ‘ಕಕ್ಷಿದಾರ’ ಎಂದರೆ ಕೋರ್ಟಿನ ವಾಸನೆ, ‘ಗಿರಾಕಿ’ ಎಂದರೆ ನಗು ಬರುತ್ತದೆ. ಸದ್ಯಕ್ಕೆ ‘ಆಶ್ರಿತ ಕಿಣ್ವ’ ಎಂದು ಬರೆದಿಟ್ಟಿದ್ದೇನೆ. ವಿಜ್ಞಾನ ಬರಹದಲ್ಲಿ ‘ಆಶ್ರಿತ’ಕ್ಕೆ ಬೇರೆ ಅರ್ಥ ಆಗಲೇ ರೂಢಿಯಲ್ಲಿದೆಯೇ? ಇದ್ದರೆ, ಬದಲಿಗೆ ಯಾವುದನ್ನು ಬಳಸಲಿ?