ಕ್ಲಚ್ ಒತ್ತಿದರೆ ಕ್ರೂಸ್ ‘ರದ್ದು’ ಆಗುತ್ತಾ, ‘ಬಿಡುತ್ತಾ’?

ಎಲ್ಲರಿಗೂ ನಮಸ್ಕಾರ.

ಹೊಸದಾಗಿ ಕಾರು ಕಲಿತವರಿಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಗೇರ್ ಗಾಡಿಯಲ್ಲಿ, ಅಂದರೆ ಕೈಯಲ್ಲೇ ಗೇರು ಬದಲಿಸುವ ಕಾರಿನಲ್ಲಿ, ಕ್ರೂಸ್ ಕಂಟ್ರೋಲ್ (ಆಕ್ಸಿಲರೇಟರ್ ಮೇಲೆ ಕಾಲಿಡದೆಯೇ ಇಟ್ಟ ವೇಗವನ್ನು ಉಳಿಸಿಕೊಳ್ಳುವ ವ್ಯವಸ್ಥೆ) ಹೇಗೆ ನಡೆದುಕೊಳ್ಳುತ್ತದೆ ಅನ್ನೋ ಕಡೆ ಸರಿಯಾದ ಕ್ರಿಯಾಪದ ಸಿಗುತ್ತಿಲ್ಲ. ನಿಮ್ಮ ಸಹಾಯ ಬೇಕು.

ಚಿತ್ರದುರ್ಗದ ಕಡೆಯ ಹೆದ್ದಾರಿ ಅಂದುಕೊಳ್ಳಿ. ಐದನೇ ಗೇರು, ಕ್ರೂಸನ್ನು ಗಂಟೆಗೆ 80 ಕಿ.ಮೀ.ಗೆ ಸೆಟ್ ಮಾಡಿ ಕಾಲು ತೆಗೆದಿದ್ದೀರಿ. ಉದ್ದನೆಯ ಏರು ಬಂತು. ಆಟೋಮ್ಯಾಟಿಕ್ ಆದರೆ ತಾನೇ ಗೇರು ಇಳಿಸಿಕೊಳ್ಳುತ್ತದೆ. ಗೇರ್ ಗಾಡಿಯಲ್ಲಿ ಕ್ರೂಸ್‌ಗೆ ಗೊತ್ತಿರೋದು ಆಕ್ಸಿಲರೇಟರ್ ಜಾಸ್ತಿ ಕೊಡೋದು, ಕಮ್ಮಿ ಮಾಡೋದು ಅಷ್ಟೇ. ಎಷ್ಟು ಕೊಟ್ಟರೂ ಗಾಡಿ ಎಳೆಯೋದಿಲ್ಲ, ವೇಗ ಇಳಿಯುತ್ತಾ ಹೋಗುತ್ತದೆ. ನಾಲ್ಕಕ್ಕೆ ಹಾಕೋಣ ಅಂತ ಕ್ಲಚ್ ಒತ್ತುತ್ತೀರಿ. ಪೆಡಲಿಗೆ ಒಂದು ಸ್ವಿಚ್ ಇರುತ್ತದೆ. ಅದರಿಂದ ಸುದ್ದಿ ಹೋದ ಕೂಡಲೇ ಹೆಚ್ಚಿನ ಗಾಡಿಗಳಲ್ಲಿ ಕ್ರೂಸ್ ಕೆಲಸ ನಿಲ್ಲಿಸುತ್ತದೆ. ನಿಲ್ಲಿಸಲೇಬೇಕು. ಕ್ಲಚ್ ಒತ್ತಿದಾಗ ಎಂಜಿನ್ನಿಗೂ ಚಕ್ರಕ್ಕೂ ನಂಟು ತಪ್ಪಿರುತ್ತದೆ, ಆಗಲೂ ಆಕ್ಸಿಲರೇಟರ್ ಕೊಡುತ್ತಲೇ ಇದ್ದರೆ ಎಂಜಿನ್ ಸುಮ್ನೆ ರೇಸ್ ಆಗುತ್ತದೆ.

ಆದರೆ 80 ಅನ್ನೋದು ಅದರ ನೆನಪಿನಲ್ಲಿ ಹಾಗೇ ಇರುತ್ತದೆ. ರೆಸ್ಯೂಮ್ (ಮತ್ತೆ ಶುರು ಮಾಡುವ) ಗುಂಡಿ ಒತ್ತಿದರೆ ಮತ್ತೆ 80ಕ್ಕೆ ಹೊರಡುತ್ತದೆ. ನನ್ನ ತೊಡಕು ಇಲ್ಲೇ.

‘ಕ್ಲಚ್ ಒತ್ತಿದರೆ ಕ್ರೂಸ್ ರದ್ದಾಗುತ್ತದೆ’ ಅಂತ ಬರೆದರೆ 80 ಕೂಡ ಹೋಯಿತು ಅಂತ ಓದುವವರು ತಿಳಿಯುತ್ತಾರೆ, ಅಲ್ವಾ? ಟಿಕೆಟ್ ರದ್ದಾದರೆ ಹೋಯಿತು ಅಂತಲೇ ಅರ್ಥ. ಇದು ಬರೀ ಮಾತಿನ ಪ್ರಶ್ನೆ ಅಲ್ಲ. ಊರೊಳಗೆ 45ರಲ್ಲಿ ಹೋಗುವಾಗ ಗೊತ್ತಿಲ್ಲದೆ ರೆಸ್ಯೂಮ್ ಒತ್ತಿದರೆ ಗಾಡಿ ಮುಂದಕ್ಕೆ ನುಗ್ಗುತ್ತದೆ. ಐದನೇ ಗೇರಿನಲ್ಲೇ ಇದ್ದರೆ ಎಂಜಿನ್ ಒದ್ದಾಡುತ್ತದೆ. ‘ಆಫ್ ಆಗುತ್ತದೆ’ ಅನ್ನೋದನ್ನು ಮೇನ್ ಸ್ವಿಚ್ ಆರಿಸುವುದಕ್ಕೇ ಉಳಿಸಬೇಕು. ‘ತಾತ್ಕಾಲಿಕವಾಗಿ ಸ್ಥಗಿತಗೊಳ್ಳುತ್ತದೆ’ ಅರ್ಥದಲ್ಲಿ ಸರಿ, ಆದರೆ ಸ್ಟೇರಿಂಗ್ ಹಿಡಿದವರು ಯಾರೂ ಹಾಗೆ ಮಾತಾಡೋದಿಲ್ಲ.

ನನಗೆ ಹಿಡಿಸಿರೋದು ‘ಹಿಡಿ, ಬಿಡು’ ಜೋಡಿ. ‘ಕ್ರೂಸ್ 80 ಹಿಡಿದಿದೆ’, ‘ಕ್ಲಚ್ ಒತ್ತಿದರೆ ಬಿಡುತ್ತದೆ’, ‘ರೆಸ್ಯೂಮ್ ಒತ್ತಿದರೆ ಮತ್ತೆ ಹಿಡಿಯುತ್ತದೆ’. ಬ್ರೇಕ್ ಒತ್ತಿದಾಗಲೂ ಇದೇ ಮಾತು ಒಪ್ಪುತ್ತದೆ. ಈಚಿನ ಕೆಲವು ಗಾಡಿಗಳಲ್ಲಿ ಮಾತ್ರ, ಬೇಗ ಗೇರು ಬದಲಿಸಿ ಕ್ಲಚ್ ಬಿಟ್ಟರೆ, ರೆಸ್ಯೂಮ್ ಒತ್ತದೆಯೇ ಕ್ರೂಸ್ ತಾನಾಗಿ ಮುಂದುವರಿಯುತ್ತದೆ. ಅಲ್ಲಿ ‘ಬಿಡುತ್ತದೆ’ ಅಂದರೆ ತಪ್ಪಾಗುತ್ತದೆ. ‘ಕಾಯುತ್ತದೆ’ ಅನ್ನಬಹುದಾ?

ಹೆಸರಿನ ಬಗ್ಗೆಯೂ ಒಂದು ಮಾತು. ‘ವೇಗ ನಿಯಂತ್ರಕ’ ಬೇಡ ಅಂತ ನನ್ನ ಅಭಿಪ್ರಾಯ. ಲಾರಿ, ಬಸ್ಸುಗಳಿಗೆ ಹಾಕುವ ಸ್ಪೀಡ್ ಗವರ್ನರ್‌ಗೆ ಪತ್ರಿಕೆಗಳು ಆ ಹೆಸರು ಕೊಟ್ಟಾಗಿದೆ. ಅದು ಮಿತಿ ದಾಟದ ಹಾಗೆ ತಡೆಯುತ್ತದೆ, ಇದು ಇಟ್ಟ ವೇಗವನ್ನು ಉಳಿಸಿಕೊಳ್ಳುತ್ತದೆ. ಇದನ್ನು ಕಂಡುಹಿಡಿದ ಅಮೆರಿಕದ ಎಂಜಿನಿಯರ್ ರಾಲ್ಫ್ ಟೀಟರ್‌ಗೆ ಕಣ್ಣು ಕಾಣುತ್ತಿರಲಿಲ್ಲ. ಅವರು ಇಟ್ಟ ಒಂದು ಹೆಸರು ‘ಸ್ಪೀಡೋಸ್ಟಾಟ್’, ಅಂದರೆ ವೇಗವನ್ನು ಒಂದೇ ಮಟ್ಟದಲ್ಲಿ ಹಿಡಿಯುವಂಥದ್ದು. 1958ರಲ್ಲಿ ಕ್ರೈಸ್ಲರ್ ಕಾರುಗಳಲ್ಲಿ ಬಂದಾಗ ಅದು ‘ಆಟೋ ಪೈಲಟ್’ ಆಯಿತು. ನನಗೇನೋ ಟೀಟರ್ ಹೆಸರೇ ಹೆಚ್ಚು ಸರಿ ಅನಿಸುತ್ತದೆ. ಆದರೂ ಕೈಪಿಡಿಯಲ್ಲಿ ‘ಕ್ರೂಸ್’ ಅಂತಲೇ ಇಡುತ್ತೇನೆ, ಜನಕ್ಕೆ ಗೊತ್ತಿರೋದು ಅದೇ.

ದಿನಾ ಹೆದ್ದಾರಿಯಲ್ಲಿ ಓಡಿಸುವವರು ನಿಮ್ಮಲ್ಲಿದ್ದರೆ, ಇಲ್ಲಾ ಮನೆಯಲ್ಲಿ ಡ್ರೈವರ್‌ಗಳಿದ್ದರೆ, ಕ್ಲಚ್ ಒತ್ತಿದಾಗ ಆಗುವುದಕ್ಕೆ ಅವರು ಯಾವ ಮಾತು ಬಳಸುತ್ತಾರೆ ಅಂತ ಕೇಳಿ ತಿಳಿಸ್ತೀರಾ? ಉತ್ತರ ಕರ್ನಾಟಕದ ಕಡೆಯ, ಕರಾವಳಿಯ ಮಾತು ಬೇರೆ ಇದ್ದರೆ ಅದೂ ಬೇಕು.